ಕರಿಯಪ್ಪ ತಲೆ ಬೋಳಿಸಿಕೊಂಡಿದ್ದು

ಶಾಸಕ ಸೋಮಯ್ಯನವರು ತೀರಿಕೊಂಡು ಹನ್ನೊಂದನೇ ದಿನಕ್ಕೆ, ಕೆ.ಆರ್. ಪೇಟೆಯಿಂದ ಅಕ್ಕಿಹೆಬ್ಬಾಳಿನವರೆಗೆ ಎಣಿಸಿದರೆ, ಏನಿಲ್ಲವೆಂದರೂ ಅವರಿಗೆ ಒಂಬತ್ತು ಜನ ಮಾನಸಪುತ್ರರು ಹುಟ್ಟಿಕೊಂಡಿದ್ದರು. ಕಂಬಕ್ಕೊಂದು ಫ್ಲೆಕ್ಸು. ಮೂಲೆಯಲ್ಲಿ ಸತ್ತವರ ಮುಖ, ನಡುವೆ ಕೈಮುಗಿದ ಮಾನಸಪುತ್ರ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ನಾಲ್ಕು ಸಲ ಗೆದ್ದರೂ ಹೆಂಚಿನ ಮನೆ ಬಿಡದ ಆ ಪುಣ್ಯಾತ್ಮನಿಗೆ ನಿಜವಾಗಿ ಇದ್ದವಳು ಒಬ್ಬಳೇ ಮಗಳು, ಅರ್ಪಿತ.

ಇಪ್ಪತ್ತಾರು ವರ್ಷ ಅವರ ಜೀಪು ಓಡಿಸಿದ ಕರಿಯಪ್ಪನ ಫೋಟೊ ಯಾವ ಫ್ಲೆಕ್ಸಿನಲ್ಲೂ ಇರಲಿಲ್ಲ. ಅದರ ಬೇಸರವೂ ಅವನಿಗಿರಲಿಲ್ಲ. ಅವನ ತಲೆ ಕೆಡಿಸಿದ್ದೇ ಬೇರೆ. ಹೆತ್ತವ್ವ ಸತ್ತಾಗಲೂ ಅವನು ಇಷ್ಟು ಅತ್ತಿರಲಿಲ್ಲ. ನಾಗಮಂಗಲದ ಮದುವೆಮನೆಯಿರಲಿ, ಪಾಂಡವಪುರದ ಸಭೆಯಿರಲಿ, ‘ನಮ್ ಕರಿಯ ಉಂಡ್ನಾ?’ ಅಂತ ಕೇಳದೆ ಸೋಮಯ್ಯನವರು ಎಲೆ ಮುಂದೆ ಕೂತವರಲ್ಲ. ಹಾಗಂತ ಸಂಬಳಕ್ಕಿದ್ದ ಡ್ರೈವರು ಮಗನ ಹಾಗೆ ಅಳಬಹುದೇ? ಅದೂ ಮನೆಯಲ್ಲಿ ಗುಂಡುಕಲ್ಲಿನಂತೆ ಅಪ್ಪ ಕುಳ್ಳಯ್ಯ ಇರುವಾಗ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ತಿಥಿಯ ಬೆಳಿಗ್ಗೆ ಹೇಮಾವತಿ ದಂಡೆಯಲ್ಲಿ ಕಾರ್ಯವನ್ನೆಲ್ಲ ಅರ್ಪಿತಳೇ ಮಾಡುತ್ತಿದ್ದಳು. ಕ್ಷೌರದ ಚಲುವರಾಜು ಕತ್ತಿ ಮಸೆದುಕೊಂಡು ಕೂತು ಕೂತು ಸಾಕಾಗಿ ಕೂಗಿದ: “ಗಂಡುಮಕ್ಳು ಯಾರಾದ್ರೂ ಒಬ್ರು ಕುಂತ್ಕಳ್ರಪ್ಪಾ. ಅಷ್ಟ್ ದೊಡ್ಡೋರ್ಗೆ ಒಂದ್ ತಲೆನಾದ್ರೂ ಬ್ಯಾಡ್ವಾ?”

ಬಂದಿದ್ದ ನಾಲ್ವರು ಮಾನಸಪುತ್ರರೂ ಒಮ್ಮೆಗೇ ಕ್ರಾಪು ಸವರಿಕೊಂಡರು. ಒಬ್ಬನಿಗೆ ಫೋನು ಬಂತು. ಇನ್ನೊಬ್ಬ ಹೂವಿನ ಹಾರ ಹುಡುಕಲು ಹೋದ. ಉಪಚುನಾವಣೆ ಹತ್ತಿರವಿತ್ತು, ಬೋಳುತಲೆಯಲ್ಲಿ ಓಟು ಕೇಳುವುದು ಯಾರಿಗೆ ಬೇಕು?

ಕರಿಯಪ್ಪ ಇದನ್ನೆಲ್ಲ ನೋಡುತ್ತಲೇ ನಿಂತಿದ್ದ. ಆಮೇಲೆ ಏನಾಯಿತೋ, ನೋಡುವಷ್ಟರಲ್ಲಿ ಅವನು ಚಲುವರಾಜುವಿನ ಮುಂದೆ ತಲೆ ಬಗ್ಗಿಸಿ ಕೂತಿದ್ದ. ನೆತ್ತಿಗೆ ನೀರು ತಟ್ಟಿದ ಚಲುವರಾಜು ಕತ್ತಿ ಎತ್ತಿದವನು ಹಾಗೇ ನಿಂತ.

“ಅಣ್ಣೋ, ನಿಮ್ಮಪ್ಪಾರು ಇನ್ನೂ ಬದ್ಕವ್ರಲ್ಲಣ್ಣೋ!”

ಅಪ್ಪ ಬದುಕಿರುವವನು ತಿಥಿಯಲ್ಲಿ ತಲೆ ಕೊಟ್ಟರೆ ಅಪ್ಪನ ಸಾವನ್ನೇ ಕರೆದ ಹಾಗೆ ಅಂತ ಆ ಕಡೆಯವರ ನಂಬಿಕೆ. ಎಲ್ಲರ ಕಣ್ಣೂ ಹೊಳೆಯ ಮೆಟ್ಟಿಲ ಕಡೆ ತಿರುಗಿತು. ತಿಥಿಗೆಂದು ಬಂದ ಕುಳ್ಳಯ್ಯ ಅಲ್ಲೇ ಕೂತಿದ್ದ. ಈಗ ಕರಿಯಪ್ಪ ಎದ್ದರೆ ಸತ್ತವರಿಗೆ ದ್ರೋಹ, ಕೂತರೆ ಬದುಕಿರುವವನಿಗೆ. ಏಳಲೂ ಆಗದೆ ಕೂರಲೂ ಆಗದೆ ಒದ್ದೆ ತಲೆಯಲ್ಲಿ ಪೆಚ್ಚಾಗಿ ಅಪ್ಪನನ್ನೇ ನೋಡಿದ.

ಕುಳ್ಳಯ್ಯ ಊರುಗೋಲು ಹಿಡಿದು ಎದ್ದು ಬಂದ. ಹೊಡೆದೇಬಿಡುತ್ತಾನೆ ಅಂದುಕೊಂಡು ಚಲುವರಾಜು ಎರಡು ಹೆಜ್ಜೆ ಹಿಂದೆ ಸರಿದ. ಮುದುಕ ಮಗನ ನೆತ್ತಿಯ ಮೇಲೆ ಕೈಯಿಟ್ಟು, ಚಲುವರಾಜುವಿನ ಕಡೆ ತಿರುಗಿದ.

“ಎಷ್ಟೊತ್ಲಾ ನೀರಲ್ಲಿ ನೆನೆ ಆಕ್ತೀಯ? ನೆಗ್ಡಿ ಆಯ್ತದೆ. ಬೋಳ್ಸ್ಲಾ ಚಲುವ.”

“ಅಪ್ಪಾ, ನಿಂಗೇನಾರ ಆದ್ರೆ...”

“ನಂಗೇನ್ಲಾ ಆಯ್ತದೆ? ನನ್ ಕಾರ್ಯಕ್ಕೂ ನಿನ್ ತಲೆ ಬೇಕಲ್ಲ. ಕೂದ್ಲು ಬೆಳಿಯೋಗಂಟ ನಾನು ಸಾಯಾಕಿಲ್ಲ ಬುಡು.”

ಚಲುವರಾಜು ನೆತ್ತಿಗೆ ಕತ್ತಿ ಇಟ್ಟ. ಕೂದಲು ಮಡಿಲಿಗೆ ಉದುರತೊಡಗಿತು. ಕರಿಯಪ್ಪ ಬಿಕ್ಕಿ ಬಿಕ್ಕಿ ಅತ್ತ. ಯಾರಿಗಾಗಿ ಅಳುತ್ತಿದ್ದೇನೆ ಎಂಬುದು ಈಗಂತೂ ಅವನಿಗೆ ಗೊತ್ತಾಗಲೇ ಇಲ್ಲ.