ಕೆಂಪು ಟೊಪ್ಪಿಗೆ ನೋಡಿದವರು

ಶಬ್ಬೀರಸಾಬ ತಾನು ನಟಿಸಿದ ಸಿನಿಮಾವನ್ನು ನೋಡಿದ್ದು ಎರಡೇ ಸಲ. ಅದರ ಕೆಳಗೆ ನೋಡಿದವರು ಬರೆದದ್ದನ್ನು ಮಾತ್ರ ದಿನಾ ಓದುತ್ತಿದ್ದ. ಕುಷ್ಟಗಿಯ ಹಿಟ್ಟಿನ ಗಿರಣಿಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಜೋಳದ ಚೀಲದ ಮೇಲೆ ಕೂತು, ಕನ್ನಡಕಕ್ಕೆ ಹತ್ತಿದ ಹಿಟ್ಟು ಒರೆಸಿಕೊಂಡು ಮೊಬೈಲು ತೆಗೆಯುತ್ತಿದ್ದ.

ಸಿನಿಮಾದ ಹೆಸರು 'ಕೆಂಪು ಟೊಪ್ಪಿಗೆ'. ಗಂಗಾವತಿಯಲ್ಲಿ ಮದುವೆ ವಿಡಿಯೋ ತೆಗೆಯುವ ಕಲ್ಲೇಶ ಅದನ್ನು ಮಾಡಿ ಯೂಟ್ಯೂಬಿಗೆ ಹಾಕಿದ್ದ. ಕ್ರಿಸ್‌ಮಸ್ ಹಿಂದಿನ ದಿನ ಐದು ಮಂದಿ ಗೆಳೆಯರು ಹನುಮನಹಳ್ಳಿ ಹತ್ತಿರದ ಹೋಮ್‌ಸ್ಟೇ ಒಂದಕ್ಕೆ ಬರುತ್ತಾರೆ. ಸಾಂತಾಕ್ಲಾಸ್ ವೇಷದವನೊಬ್ಬ ಅವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಅಷ್ಟೇ ಕಥೆ. ಆ ಸಾಂತಾನೇ ಶಬ್ಬೀರಸಾಬ.

ನೋಡಿದವರು ಕರುಣೆ ತೋರಿರಲಿಲ್ಲ. "ಡಿಸೆಂಬರ್ ಅಂತೀರಿ, ಎಲ್ಲಾರೂ ಬೆವರಾಕ ಹತ್ಯಾರಲ್ರಿ" ಎಂದು ಒಬ್ಬ ಬರೆದಿದ್ದ. ಅದು ಖರೆ. ಶೂಟಿಂಗ್ ನಡೆದದ್ದು ಏಪ್ರಿಲ್ ಬಿಸಿಲಿನಲ್ಲಿ. "ಅದು ಹಿಮ ಅಲ್ಲೋ, ಗಾದಿ ಹತ್ತಿ" ಎಂದು ಇನ್ನೊಬ್ಬ. "ರಕ್ತಕ್ಕ ನೊಣ ಮುತ್ಯಾವ. ಶರಬತ್ತ ಇರಬೇಕು." ಬೆಂಗಳೂರಿನ ಯಾರೋ, "ಹದಿನಾಲ್ಕನೇ ನಿಮಿಷದಲ್ಲಿ ಸಾಂತಾನ ಕಾಲು ನೋಡಿ ಗುರು, ಹವಾಯಿ ಚಪ್ಪಲಿ!" ಎಂದು ಬರೆದದ್ದಕ್ಕೆ ಇನ್ನೂರು ಜನ ನಕ್ಕಿದ್ದರು. ಬೂಟು ಕಾಲಿಗೆ ಕಚ್ಚಿ ಬೊಬ್ಬೆ ಬಂದ ದಿನ ಅದು. ಕಾಲು ಕಾಣಿಸುವುದಿಲ್ಲ ಎಂದು ಕಲ್ಲೇಶ ಹೇಳಿದ್ದನ್ನು ನಂಬಿ ಚಪ್ಪಲಿಯಲ್ಲೇ ನಿಂತಿದ್ದ.

ಆದರೆ ನಡುವೆ ಎಲ್ಲೋ ಒಂದು, ಎರಡು ಬೇರೆ ಥರದವೂ ಇದ್ದವು. "ಪಿಚ್ಚರ ವೇಸ್ಟ್. ಸಾಂತಾ ಮಾತ್ರ ಬೆಸ್ಟ್. ಅವ ಬಾಗಲದಾಗ ನಿಂತ್ರ ಸಾಕು, ಎದಿ ಝಲ್ ಅಂತೈತಿ." ಇದನ್ನು ಬರೆದವನ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. ಶಬ್ಬೀರಸಾಬನಿಗೆ ಆ ಅಂಕಿಗಳು ಬಾಯಿಪಾಠ ಆಗಿದ್ದವು.

ಇಪ್ಪತ್ತೇಳು ವರ್ಷ ಅವನು ಕಂಪನಿ ನಾಟಕಗಳಲ್ಲಿ ಖಳನಾಯಕನಾಗಿದ್ದ. ಮೈಕು ಕೈಕೊಟ್ಟ ದಿನವೂ ಅವನ ದನಿ ಕಟ್ಟಕಡೆಯ ಸಾಲಿಗೆ ಮುಟ್ಟುತ್ತಿತ್ತು. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಆಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಬಾಯಿ ತೆರೆದರೆ ಬರುವುದು ಉಸಿರು ಮಾತ್ರ. ಕಿವಿ ಹತ್ತಿರ ತಂದವರಿಗೆ ಅದರೊಳಗಿನ ಮಾತು ಕೇಳುತ್ತದೆ. ಹಾಗೆ ಕಿವಿ ಹತ್ತಿರ ತರಬಹುದಾಗಿದ್ದ ಹೆಂಡತಿ ಮೈಮುನಬಿ ಅದಕ್ಕೂ ಒಂದು ವರ್ಷ ಮೊದಲೇ ತೀರಿಕೊಂಡಿದ್ದಳು. ರಾಯಚೂರಿಗೆ ಕೊಟ್ಟ ಮಗಳು ಮುಬಾಶಿರಾ ಶುಕ್ರವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮಾತೆಲ್ಲ ಅವಳದೇ. ಇವನು ಉಗುರಿನಿಂದ ಫೋನು ಬಡಿಯುತ್ತಾನೆ, ಹೌದು ಅಂದರೆ ಒಂದು ಸಲ, ಇಲ್ಲ ಅಂದರೆ ಎರಡು ಸಲ. "ಊಟ ಆತೇನಬ್ಬಾ?" ಟಕ್. "ಬ್ಯಾಸರ ಆಗಾಕ ಹತ್ತೈತೇನು?" ಟಕ್, ಟಕ್.

ಗಿರಣಿ ಕೆಲಸವನ್ನು ಅವನು ತಾನಾಗಿ ಹುಡುಕಿಕೊಂಡದ್ದು. ಅಲ್ಲಿ ಬೆಲ್ಟು ತಿರುಗುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ.

ಕಲ್ಲೇಶ ಅವನನ್ನು ಹುಡುಕಿಕೊಂಡು ಬಂದದ್ದು ಅಲ್ಲಿಗೇ. "ಚಾಚಾ, ಪಾತ್ರಕ್ಕ ಒಂದು ಮಾತೂ ಇಲ್ಲ. ನಡೀಬೇಕು, ನಿಂದರಬೇಕು, ಹೊಡೀಬೇಕು. ನಿಮ್ಮ ಬಿಟ್ರ ಯಾರ್ ಅದಾರ?" ಎಂದು ಕಿವಿಯಲ್ಲಿ ಕೂಗಿ ಕರೆದುಕೊಂಡು ಹೋದ. ಮದುವೆ ಪೆಂಡಾಲಿನ ಕುರ್ಚಿಗೆ ಹಾಕುವ ಕೆಂಪು ಬಟ್ಟೆಯಲ್ಲಿ ಅಂಗಿ ಹೊಲಿಸಿದ್ದರು. ಹತ್ತಿಯ ಗಡ್ಡ ಅಂಟಿಸಿದ ಗೋಂದಿಗೆ ಗದ್ದ ಸುಟ್ಟು ಕೆಂಪಾಯಿತು. ಎಂಟು ದಿನ ಶಬ್ಬೀರಸಾಬ ಏನೂ ಅನ್ನಲಿಲ್ಲ. ಯಾಕೆಂದರೆ ಕೊನೆಯ ದಿನ ಒಂದು ದೃಶ್ಯವಿತ್ತು. ಉಳಿದ ಒಬ್ಬಳೇ ಹುಡುಗಿಯ ಮುಂದೆ ಕೊಲೆಗಾರ ಟೊಪ್ಪಿಗೆ, ಗಡ್ಡ ಕಿತ್ತು ಮುಖ ತೋರಿಸಬೇಕು. ಆ ದೃಶ್ಯ ಒಂದೇ ಟೇಕಿಗೆ ಮುಗಿಯಿತು. ಹುಡುಗಿ ಚೀರುವುದನ್ನೇ ಮರೆತು ನಿಂತಳು. ಅಡಿಗೆಯವರೂ ಸೌಟು ಹಿಡಿದು ನಿಂತಿದ್ದರು.

ಸಿನಿಮಾದಲ್ಲಿ ಅದು ಇರಲಿಲ್ಲ. "ಮುಖ ತೋರಿಸಿಬಿಟ್ರ ಎರಡನೇ ಭಾಗಕ್ಕ ಏನ್ ಉಳೀತೈತಿ ಚಾಚಾ?" ಎಂದ ಕಲ್ಲೇಶ. ಕೊನೆಗೆ ಬರುವ ಹೆಸರುಗಳಲ್ಲಿ 'ಸಾಂತಾ' ಎಂಬುದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಇತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಶಬ್ಬೀರಸಾಬ ತಾನೂ ಬರೆದ. ಎರಡು ಪದ ಒತ್ತಲು ಬಹಳ ಹೊತ್ತು ಹಿಡಿಯಿತು. "ಅದು ನಾನು."

ಅರ್ಧ ತಾಸಿನಲ್ಲಿ ಉತ್ತರಗಳು ಬಂದವು. "ನಾನೂ ಸಾಂತಾನೇ ಅಂಕಲ್." "ಸಾಂತಾಗಳ ಸಂಘ ಐತಿ, ಹೆಸರ ಹಚ್ಚರಿ." "ಹಂಗಾದ್ರ ಚಪ್ಪಲ್ ಫೋಟೋ ಹಾಕ್ರಿ ನೋಡೋಣು."

ಅವನು ಮುಖ ಎತ್ತಿ ನೋಡಿದ. ಚಪ್ಪಲಿ ಗಿರಣಿಯ ಬಾಗಿಲಲ್ಲೇ ಬಿದ್ದಿದ್ದವು. ಫೋಟೋ ತೆಗೆಯಲೂ ಎದ್ದ. ಆಮೇಲೆ ಯಾಕೋ ಸಾಕೆನಿಸಿ ಮತ್ತೆ ಚೀಲದ ಮೇಲೆ ಕೂತ. ಕರೆಂಟು ಬಂತು.

ಇದಾಗಿ ಹತ್ತು ಹನ್ನೆರಡು ದಿನಕ್ಕೆ ಇನ್ನೊಂದು ಅಭಿಪ್ರಾಯ ಬಂತು. ಬರೆದವರ ಹೆಸರು 'ದಾನೇಶ್ವರಿ ಬ್ಲೌಸ್ ಸೆಂಟರ್, ಯಲಬುರ್ಗಾ'.

"ಪಿಚ್ಚರ ಛಲೋ ಇಲ್ಲ. ಆದರ ಕೊಲೆಗಾರ ಬಾಗಲದಾಗ ಮೊದಲ ಬೆನ್ನ ತೋರಿಸಿ ನಿಂದರತಾನ. ಆಮ್ಯಾಲ ಎಡ ಹೆಗಲ ಮ್ಯಾಲಿಂದ ಹೊಳ್ಳತಾನ. ಹಂಗ ಹೊಳ್ಳೋ ಮನಷ್ಯಾ ಒಬ್ಬರ ಇದ್ರು. ಅವರು ಇನ್ನೂ ಅದಾರೇನು?"

ದಾನೇಶ್ವರಿ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಆ ಹೊರಳುವಿಕೆ ಗೊತ್ತಿದ್ದವಳು ಪಾರಮ್ಮ. ಕಂಪನಿಯಲ್ಲಿ ಆರು ವರ್ಷ ನಾಯಕಿಯಾಗಿ ದಿನಾ ಅವನ ಕೈಯಲ್ಲಿ ಸಾಯುತ್ತಿದ್ದವಳು. ಇಪ್ಪತ್ತೆರಡು ವರ್ಷದ ಹಿಂದೆ, ಹೆಂಡತಿ ಸತ್ತ, ಒಬ್ಬ ಮಗನಿದ್ದ ಹೇಮಪ್ಪ ಎಂಬ ಟೇಲರನನ್ನು ಮದುವೆಯಾಗಿ ಯಲಬುರ್ಗಾಕ್ಕೆ ಹೋಗಿದ್ದಳು. ಮುಂದೆ ಸುದ್ದಿಯೇ ಇರಲಿಲ್ಲ.

"ಅದೀನಿ" ಎಂದು ಅವನು ಉತ್ತರ ಬರೆದ. ಮರುದಿನ ನೋಡಿದರೆ ಅವಳು ಬರೆದದ್ದೂ ಇಲ್ಲ, ಅವನ ಉತ್ತರವೂ ಇಲ್ಲ. ಅಳಿಸಿಬಿಟ್ಟಿದ್ದಳು.

ಅಮಾವಾಸ್ಯೆಗೆ ಗಿರಣಿ ರಜಾ. ಶಬ್ಬೀರಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂಜಾನೆಯ ಬಸ್ಸು ಹತ್ತಿದ.

ಬ್ಲೌಸ್ ಸೆಂಟರ್ ಸಿಗಲು ಕಷ್ಟವಾಗಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಷಿನ್ ಮುಂದೆ ಮೂವತ್ತರ ಹೆಣ್ಣುಮಗಳು ಕೂತಿದ್ದಳು. ದಾನೇಶ್ವರಿ ಇವಳೇ ಇರಬೇಕು ಎಂದುಕೊಂಡು ಅವನು ಪಾರಮ್ಮನ ಹೆಸರು ಹೇಳಿದ. ಅವಳಿಗೆ ಕೇಳಲಿಲ್ಲ.

"ಯಾರ್ ಬೇಕ್ರಿ? ಜೋರ ಹೇಳ್ರಿ."

ಅವನು ಗಂಟಲು ಮುಟ್ಟಿಕೊಂಡು ತೋರಿಸಿ, ಮೆಲ್ಲಗೆ ಮತ್ತೊಮ್ಮೆ ಹೇಳಿದ. ಅವಳು ತುಟಿ ನೋಡಿ ತಿಳಿದುಕೊಂಡಳು. "ಅತ್ತೀ, ಯಾರೋ ಸಾಬ್ರು ಬಂದಾರ ನೋಡ್ರಿ."

ಒಳಗಿನಿಂದ ಬಂದ ಪಾರಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದಳು. ಮುಖದಲ್ಲಿ ಮೊದಲು ಮೂಡಿದ್ದು ಹೆದರಿಕೆ. ಅದನ್ನು ಅವನು ಆರು ವರ್ಷ ನೋಡಿದ್ದ. ಆದರೆ ಇದು ನಾಟಕದ್ದಲ್ಲ.

"ಇವರು ನನ್ನ ತವರೂರಿನವರು" ಎಂದಳು ಸೊಸೆಗೆ. "ನಮ್ಮ ಅಣ್ಣಗ ಗೊತ್ತಿದ್ದವರು. ಚಾ ಮಾಡ್ತೀಯೇನವಾ?"

ಸೊಸೆ ಒಳಗೆ ಹೋದಳು. ಪಾರಮ್ಮ ದನಿ ತಗ್ಗಿಸಿದಳು. "ಶಬ್ಬೀರಣ್ಣಾ, ಇಲ್ಲಿ ಯಾರಿಗೂ ಗೊತ್ತಿಲ್ರಿ. ನಾ ನಾಟಕದಾಕಿ ಅಂತ ನಮ್ಮ ಯಜಮಾನ್ರಿಗೆ ಒಬ್ಬರಿಗೇ ಗೊತ್ತಿತ್ತು. ಅವರೂ ಹೋದ್ರು. ಸೊಸಿ ಮೊಬೈಲದಾಗ ಬರದು ಅಳಿಸಿದೆ."

"ಓದಿದ್ನಿ ತಂಗಿ" ಎಂದ ಅವನು.

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. "ಧ್ವನಿ ಎಲ್ಲಿ ಹೋತ್ರೀ?"

ಅವನು ಗಂಟಲ ಮೇಲಿನ ಗಾಯದ ಗುರುತು ತೋರಿಸಿದ. ಪಾರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗೆ ಚಾ ಬಟ್ಟಲಿನ ಸದ್ದು ಕೇಳಿದ ಕೂಡಲೇ ಸೆರಗು ಬಿಟ್ಟು, ಅವನ ಊರಿನ ಮಳೆ ಬೆಳೆ ವಿಚಾರಿಸತೊಡಗಿದಳು. ಅವನು ತಲೆ ಆಡಿಸಿದ.

ಚಾ ಕುಡಿದ ಮೇಲೆ, ಲೈನಿಂಗ್ ಬಟ್ಟೆ ತರುವುದಿದೆ ಎಂದು ಹೇಳಿ ಅವಳೂ ಹೊರಟಳು. ಬಸ್ ನಿಲ್ದಾಣದ ಹಿಂದೆ ಬೇವಿನ ಮರದ ಕೆಳಗೊಂದು ಕಲ್ಲಿನ ಬೆಂಚಿತ್ತು. ಇಬ್ಬರೂ ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟು ಕೂತರು.

"ಪಿಚ್ಚರ ಭಾಳ ಕೆಟ್ಟ ಐತ್ರಿ" ಎಂದಳು.

ಅವನು ಒಪ್ಪಿದ.

"ನೀವೂ ಮೂರನೇ ಕೊಲಿ ಸುಳ್ಳು ಮಾಡೀರಿ. ಚಾಕೂ ಕಡೆ ನೋಡಿದ್ರಿ. ಯಾವತ್ತೂ ನೀವು ಹತ್ಯಾರ ನೋಡತಿದ್ದಿಲ್ಲ, ನನ್ನ ಕಣ್ಣ ನೋಡತಿದ್ರಿ. ಅದಕ್ಕ ನಾ ಖರೇನ ಅಂಜತಿದ್ದೆ."

ಅವನು ಅವಳ ಕಡೆ ಬಾಗಿ, "ಗಡ್ಡದ ಹತ್ತಿ ಕಣ್ಣಾಗ ಹೋಗಿತ್ತು" ಎಂದ. ಅವಳು ಜೋರಾಗಿ ನಕ್ಕಳು. ಅವನೂ ನಕ್ಕ, ಹೆಗಲು ಮಾತ್ರ ಅಲುಗಿತು.

ಇಷ್ಟು ದಿನ ಓದಿದ ನಾನೂರು ಚಿಲ್ಲರೆ ಅಭಿಪ್ರಾಯಗಳಲ್ಲಿ ಮೂರನೇ ಕೊಲೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಅದು ಕೆಟ್ಟಿದೆ ಎಂದು ಅವನಿಗೆ ಆ ದಿನವೇ ಗೊತ್ತಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವನು ಕತ್ತರಿಸಿಹಾಕಿದ ಕೊನೆಯ ದೃಶ್ಯದ ಸಂಗತಿ ಹೇಳಿದ. ಹೇಳಲು ಬಹಳ ಹೊತ್ತಾಯಿತು. ನಡುವೆ ಬಸ್ಸುಗಳ ಹಾರ್ನಿಗೆ ಎರಡು ಸಲ ನಿಲ್ಲಿಸಬೇಕಾಯಿತು. ಅವಳು ಅಷ್ಟೂ ಹೊತ್ತು ಕಿವಿ ಹತ್ತಿರ ತಂದು ಕೇಳಿದಳು.

"ಮಾಡಿ ತೋರಸ್ರಿ."

"ಇಲ್ಲೇ?"

"ಯಾರ್ ಅದಾರಿಲ್ಲಿ? ಮಾಡ್ರಿ."

ಶಬ್ಬೀರಸಾಬ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಬೆನ್ನು ಮಾಡಿ ನಿಂತ. ಮೆಲ್ಲಗೆ ಹೊರಳಿದ. ಇಲ್ಲದ ಟೊಪ್ಪಿಗೆ ತೆಗೆದ, ಇಲ್ಲದ ಗಡ್ಡ ಕಿತ್ತ. ಕಟುಕನ ಮುಖ ಅದು. ನೋಡನೋಡುತ್ತ ಅದರೊಳಗಿನಿಂದ, ತನ್ನನ್ನು ಯಾರಾದರೂ ಗುರುತು ಹಿಡಿಯಲಿ ಎಂದು ಬೇಡುವ ಇನ್ನೊಂದು ಮುಖ ಬಂತು. ಮಲ್ಲಿಗೆ ಹೂವಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡಿ, ಏನೋ ಗೊಣಗಿ, ಬೇಗ ಬೇಗ ಮುಂದೆ ಹೋದಳು.

"ತುಟಿ ಹೆಚ್ಚಾತ್ರಿ" ಎಂದಳು ಪಾರಮ್ಮ. "ತುಟಿ ನಡಗಸೋದು ಬ್ಯಾಡ. ಕಣ್ಣ ಸಾಕು."

ಅವನು ಮತ್ತೆ ಮಾಡಿದ. ಈ ಸಲ ಅವಳು ಏನೂ ತಿದ್ದಲಿಲ್ಲ. ಕಣ್ಣು ಒರೆಸಿಕೊಂಡು ಎದ್ದಳು.

ಕುಷ್ಟಗಿ ಬಸ್ಸು ಬಂದು ನಿಂತಿತು. "ಮನಿಗೆ ಮತ್ತ ಬರಬ್ಯಾಡ್ರಿ" ಎಂದಳು. "ತಪ್ಪ ತಿಳಕೋಬ್ಯಾಡ್ರಿ ಶಬ್ಬೀರಣ್ಣಾ. ಮಗ ಭಾಳ ಸಿಟ್ಟಿನಾಂವ. ಮುಂದಿನ ಅಮಾಸಿಗೆ ಇಲ್ಲಿ ಬರಾಕ ಆದ್ರ ಬರತೀನಿ. ಆಗದಿದ್ರ ಇಲ್ಲ."

ಆ ತಿಂಗಳಲ್ಲೇ ಕಲ್ಲೇಶ ಸಿನಿಮಾವನ್ನು ಯೂಟ್ಯೂಬಿನಿಂದ ತೆಗೆದುಬಿಟ್ಟ. ಅದರಲ್ಲಿ ಬಳಸಿದ್ದ ಹಾಡೊಂದಕ್ಕೆ ಯಾರೋ ತಕರಾರು ತೆಗೆದಿದ್ದರಂತೆ. ಸಿನಿಮಾದ ಜೊತೆ ಅದರ ಕೆಳಗಿನ ಮಾತುಗಳೂ ಹೋದವು. ಬೈದವರು, ನಕ್ಕವರು, ಅಂಕಿ ಹೆಸರಿನವನು, ಎಲ್ಲರೂ. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಶಬ್ಬೀರಸಾಬ ಸುಮ್ಮನೆ ಚೀಲದ ಮೇಲೆ ಕೂತಿರುತ್ತಿದ್ದ. ಮೊಬೈಲು ತೆಗೆದರೂ ನೋಡಲು ಏನೂ ಇರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅವನು ಯಲಬುರ್ಗಾಕ್ಕೆ ಹೋದ. ಬೇವಿನ ಮರದ ಕೆಳಗೆ ಮೂರು ತಾಸು ಕೂತ. ಪಾರಮ್ಮ ಬರಲಿಲ್ಲ. ಬ್ಲೌಸ್ ಸೆಂಟರಿನ ಓಣಿಯ ತನಕ ನಡೆದು, ಒಳಗೆ ಕಾಲಿಡದೆ ತಿರುಗಿ ಬಂದ.

ಅದರ ಮುಂದಿನ ಅಮಾವಾಸ್ಯೆಗೂ ಹೋದ. ಎರಡೂವರೆಯವರೆಗೆ ಕಾದು ಬಸ್ಸು ಹತ್ತಿ ಕೂತ. ಕಂಡಕ್ಟರ್ ಎಲ್ಲಿಗೆಂದು ಕೇಳುತ್ತಿದ್ದಾಗ ಕಿಟಕಿಯಾಚೆ, ಕಂಕುಳಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು, ಏದುಸಿರು ಬಿಡುತ್ತ ನಿಲ್ದಾಣದೊಳಗೆ ಬರುತ್ತಿದ್ದ ಬಿಳಿ ಕೂದಲಿನ ಹೆಂಗಸು ಕಂಡಳು. ಬಸ್ಸು ಆಗಲೇ ಅಲುಗಿತ್ತು. ನಿಲ್ಲಿಸಿ ಎಂದು ಅವನು ಹೇಳಿದ್ದು ಯಾರಿಗೂ ಕೇಳಲಿಲ್ಲ. ಅವನು ಎದ್ದು ಮುಂದಿನ ಸೀಟಿನ ಕಬ್ಬಿಣವನ್ನು ಅಂಗೈಯಿಂದ ದಬದಬ ಬಡಿದ.

ಡ್ರೈವರ್ ಬೈಯುತ್ತಲೇ ಬ್ರೇಕು ಹಾಕಿದ. ಶಬ್ಬೀರಸಾಬ ಇಳಿದ. ಕುಷ್ಟಗಿಗೆ ಇನ್ನೊಂದು ಬಸ್ಸು ಇದ್ದದ್ದು ನಾಲ್ಕೂವರೆಗೆ.