ಕದಿರಮ್ಮನ ಮೊಳ

ಕಟ್ಟಿದ ಹೂವನ್ನು ತಕ್ಕಡಿಗೆ ಹಾಕಿ ಕೊಡುವವರನ್ನು ನಾನಂತೂ ನಂಬುವುದಿಲ್ಲ. ಬಿಡಿ ಹೂವಿಗೆ ತಕ್ಕಡಿ ಇರಲಿ, ಕಟ್ಟಿದ ಹೂವಿಗೆ ಮೊಳವೇ ಅಳತೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಅದೂ ಬಲಗೈಯಲ್ಲಿ. ನನ್ನ ಅತ್ತೆ ಕದಿರಮ್ಮ ಎತ್ತರದ ಹೆಂಗಸು, ಉದ್ದನೆಯ ಕೈ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಬುಟ್ಟಿ ಇಟ್ಟುಕೊಂಡು ಕೂತವರು. ‘ಕದಿರಮ್ಮನ ಮೊಳ’ ಅಂದರೆ ಬೇರೆಯವರ ಮೊಳದ ಮೇಲೆ ಇನ್ನೂ ನಾಲ್ಕು ಬೆರಳು ಹೂ ಸಿಗುತ್ತದೆ ಅಂತ ಪೇಟೆಗೆಲ್ಲ ಗೊತ್ತಿತ್ತು. ಆ ನಾಲ್ಕು ಬೆರಳಿಗಾಗಿಯೇ ಜನ ಎದುರಿನ ಕುಪ್ಪುಸ್ವಾಮಿಯ ಅಂಗಡಿ ದಾಟಿ ಬರುತ್ತಿದ್ದರು.

ನಾನು ರಾಧಾಮಣಿ, ಅವರ ಸೊಸೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುವ ಹಾಗೆ ಹದಿನಾಲ್ಕು ವರ್ಷ ಅವರ ಪಕ್ಕ ಕೂತು ಹೂ ಕಟ್ಟಿದ್ದೇನೆ. ಕಟ್ಟುವುದು ನಾನು, ಅಳೆಯುವುದು ಅವರು. ನಾನು ಕುಳ್ಳಿ. ನನ್ನ ಮೊಳ ಯಾರಿಗೂ ಬೇಕಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಅತ್ತೆ ಸ್ಟೇಷನ್ನಿನ ಮೇಲ್ಸೇತುವೆ ಮೆಟ್ಟಿಲಲ್ಲಿ ಬುಟ್ಟಿ ಸಮೇತ ಜಾರಿದರು. ಬಲಗೈ ಊರಿ ಬಿದ್ದರು, ಮಣಿಕಟ್ಟು ಮುರಿಯಿತು. ನನ್ನ ಗಂಡ ಕಾಂತರಾಜ್ ಆಸ್ಪತ್ರೆಗೆ ಅಂದ. “ಆಸ್ಪತ್ರೇಗೋದ್ರೆ ಕುಯ್ತಾರೆ, ಕಟ್ಟು ಆಕ್ಸಿ ಸಾಕು” ಅಂತ ಅತ್ತೆ ಹಟ ಹಿಡಿದರು. ಹಳ್ಳಿಯ ಮೂಳೆ ಕಟ್ಟುವವನೊಬ್ಬ ಮೊಟ್ಟೆಯ ಬಿಳಿ, ಕಪ್ಪು ಔಷಧಿ ಹಚ್ಚಿ ಬಿದಿರು ದಬ್ಬೆ ಇಟ್ಟು ಬಿಗಿದ. ಬೆರಳು ಊದಿದಾಗ ಅದು ಗುಣದ ಲಕ್ಷಣ ಅಂದ, ನಾವೂ ಹೂಂ ಅಂದೆವು. ಆರು ವಾರಕ್ಕೆ ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳು ಮಾತ್ರ ಅಂಗೈಯೊಳಕ್ಕೆ ಮಡಚಿಕೊಂಡು ಬಿದ್ದಿದ್ದವು. ಅತ್ತೆ ಆ ಕೈಯಲ್ಲಿ ಒಂದು ಮೊಳ ಅಳೆದು ನೋಡಿದರು. ಪಕ್ಕದಲ್ಲಿ ನನ್ನ ಕೈ ಇಟ್ಟುಕೊಂಡರು. ಎರಡೂ ಸಮ ಇದ್ದವು.

ಉರಿಗಾಂನಲ್ಲಿ ಕೈಗೆ ವ್ಯಾಯಾಮ ಮಾಡಿಸುವ ನವ್ಯ ಅನ್ನುವ ಹುಡುಗಿ ಇದ್ದಾಳೆ ಅಂತ ಯಾರೋ ಹೇಳಿದರು. ರೈಲು ಹತ್ತಿ ಹೋದೆವು. ಆ ಹುಡುಗಿ ಅತ್ತೆಯ ಮುಂಗೈಗೆ ಬಿಳಿ ಪ್ಲಾಸ್ಟಿಕ್ಕಿನ ಪಟ್ಟೆಯೊಂದನ್ನು ಬಿಗಿದಳು. ಅದರಿಂದ ಕೊಡೆ ಕಡ್ಡಿಯಂಥ ತಂತಿ ಕೈಬೆನ್ನಿನ ಮೇಲೆ ಎದ್ದು ನಿಂತಿತ್ತು. ತಂತಿಯಿಂದ ನಾಲ್ಕು ರಬ್ಬರ್, ರಬ್ಬರಿನ ತುದಿಗೆ ಚರ್ಮದ ಕುಣಿಕೆ, ಕುಣಿಕೆಯೊಳಗೆ ಒಂದೊಂದು ಬೆರಳು. ರಬ್ಬರ್ ಬೆರಳನ್ನು ಮೇಲಕ್ಕೆ ಎಳೆಯುತ್ತಲೇ ಇರಬೇಕು. ತಂತಿಯಲ್ಲಿ ಐದು ಕೊಕ್ಕೆ ಇದ್ದವು, ಹದಿನೈದು ದಿನಕ್ಕೊಂದರಂತೆ ರಬ್ಬರ್ ಮುಂದಕ್ಕೆ ಹೋಗಬೇಕು, ಹೋದಷ್ಟೂ ಎಳೆತ ಹೆಚ್ಚು. ಜೊತೆಗೆ ಹಿಸುಕುವುದಕ್ಕೆ ಹಸಿರು ಹಿಟ್ಟಿನಂಥ ಒಂದು ಉಂಡೆ ಕೊಟ್ಟಳು.

“ಇದ್ಯಾವ ಮುದ್ದೆ ಅಮ್ಮಿ,” ಅಂದರು ಅತ್ತೆ ನನ್ನ ಕಡೆ ತಿರುಗಿ, “ಎಷ್ಟ್ ನಾದಿದ್ರೂ ಬೇಯಲ್ಲ.”

ನವ್ಯ ನಗಲಿಲ್ಲ. ಉರಿಗಾಂ ಕಡೆಯ ತಮಿಳಿನಲ್ಲಿ ಅಜ್ಜಿ ಅಂದರೆ ಪಾಟಿ. “ಪಾಟಿ, ಮೂರು ತಿಂಗಳು ಟೈಮ್ ಇದೆ. ಅಷ್ಟ್ರಲ್ಲಿ ಬಿಡಿಸಿದ್ರೆ ಬೆರಳು ಬರುತ್ತೆ. ಆಮೇಲೆ ಗೆಣ್ಣು ಹಾಗೇ ಕೂತ್ಬಿಡುತ್ತೆ. ದಿನಕ್ಕೆ ಮೂರು ಸಲ, ಸಲಕ್ಕೆ ಒಂದು ಗಂಟೆ. ಎಳೆಯೋ ನೋವು ಇರುತ್ತೆ, ಇರಲೇಬೇಕು.” ಆಮೇಲೆ ನನಗೆ ಹೇಳಿದಳು, “ಅಕ್ಕಾ, ಬೆರಳು ಬೆಳ್ಳಗಾದ್ರೆ, ತಡೆಯೋಕೇ ಆಗ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ. ನೀವಾಗೇ ಸಡಿಲ ಮಾಡ್ಬೇಡಿ.”

ಇತ್ತ ಪೇಟೆಯಲ್ಲಿ ಅಳೆಯುವ ಕೆಲಸ ನನಗೆ ಬಂತು. ಒಂದು ಶುಕ್ರವಾರ ಆಶಾರಾಣಿ ಟೀಚರ್ ಬಂದರು, ಇಪ್ಪತ್ತು ವರ್ಷದ ಗಿರಾಕಿ. ನಾನು ಅಳೆಯುವುದನ್ನು ನೋಡಿ ಅವರ ಮುಖ ಸಪ್ಪಗಾಯಿತು. ಅತ್ತೆಗೆ ತಡೆಯಲಾಗಲಿಲ್ಲ. ನನ್ನ ಕೈಯಿಂದ ದಾರ ಕಿತ್ತುಕೊಂಡು ಎಡಗೈಗೆ ಹಾಸಿ ಅಳೆದರು. ಉದ್ದನೆಯ, ನಿಜವಾದ ಕದಿರಮ್ಮನ ಮೊಳ. ಟೀಚರ್ ಎರಡು ಹೆಜ್ಜೆ ಹಿಂದೆ ಸರಿದರು.

“ಎಡಗೈಲಿ ಅಳ್ದಿದ್ದನ್ನ ದೇವ್ರಿಗೆ ಹೆಂಗೆ ಇಡ್ಲಿ ಕದಿರಮ್ಮ? ಬೇಜಾರ್ ಮಾಡ್ಕೋಬೇಡ” ಅಂದು ಕುಪ್ಪುಸ್ವಾಮಿಯ ಅಂಗಡಿಗೆ ಹೋದರು.

ಅತ್ತೆ ಆ ಮೊಳವನ್ನು ಬುಟ್ಟಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದರು. ಮನೆಗೆ ಬಂದು ಕೂತವರೇ, “ಬಿಗಿ ಅಮ್ಮಿ ಆ ರಬ್ಬರ್‌ನ. ಎಷ್ಟ್ ಬೇಕೋ ಅಷ್ಟ್ ಬಿಗಿ” ಅಂದರು.

ಬಿಗಿದೆ. ನೋವಿಗೆ ಅವರು ಕೂಗುವವರಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ತಿಕ್ಕುತ್ತಿದ್ದರು. ಒಂದು ಗಂಟೆ ಪೂರ್ತಿ ಅದೇ ಸದ್ದು. ಮೊದಲ ಕೊಕ್ಕೆಯಲ್ಲಿ ಕಡಿಮೆ ಇತ್ತು, ಎರಡನೆಯದರಲ್ಲಿ ಹೆಚ್ಚಾಯಿತು. ಆದರೂ ಆ ತಿಂಗಳಲ್ಲಿ ಬೆರಳು ನಿಜವಾಗಿಯೂ ಒಂದಿಷ್ಟು ಬಿಚ್ಚಿಕೊಂಡಿದ್ದವು. ನವ್ಯ ಅಳೆದು ನೋಡಿ ಭೇಷ್ ಪಾಟಿ ಅಂದಿದ್ದಳು.

ಮೂರನೇ ಕೊಕ್ಕೆಯ ವಾರ, ಉರಿಬಿಸಿಲಿನ ಮಧ್ಯಾಹ್ನ, ನಾನು ಕನಕಾಂಬರ ಕಟ್ಟುತ್ತಾ ಕೂತಿದ್ದೆ. ಹಿಮ್ಮಡಿಯ ಸದ್ದು ನಿಲ್ಲಲೇ ಇಲ್ಲ. ನನ್ನ ದಾರ ಎರಡು ಸಲ ತುಂಡಾಯಿತು. ಎದ್ದು ಹೋಗಿ ನೋಡಿದೆ. ಅತ್ತೆಯ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. ಬೆರಳು ಬೆಳ್ಳಗೇನೂ ಆಗಿರಲಿಲ್ಲ. ಫೋನು ಗೂಡಿನಲ್ಲೇ ಇತ್ತು. ನಾನು ಅದನ್ನು ಮುಟ್ಟದೆ ನಾಲ್ಕೂ ರಬ್ಬರನ್ನು ತೆಗೆದು ಮೊದಲ ಕೊಕ್ಕೆಗೆ ಹಾಕಿದೆ. ಸದ್ದು ನಿಂತಿತು. ಅತ್ತೆ ನಿದ್ದೆ ಹೋದರು, ನನಗೂ ಜೊಂಪು ಹತ್ತಿತು.

ಮಾರನೇ ದಿನವೂ ಹಾಗೇ ಮಾಡಿದೆ. ಆಮೇಲೆ ಅದೇ ರೂಢಿಯಾಯಿತು. ಉರಿಗಾಂಗೆ ಹೋಗುವ ಬೆಳಿಗ್ಗೆ ಮಾತ್ರ ರಬ್ಬರನ್ನು ಇರಬೇಕಾದ ಕೊಕ್ಕೆಗೆ ತಂದಿಡುತ್ತಿದ್ದೆ.

ಅಯ್ಯೋ ಪಾಪ ಅಂತ ಮಾಡಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ನಿಜ. ಉಳಿದರ್ಧ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಮದುವೆಯ ಕಾಲ ಅದು. ಕ್ಯಾಸಂಬಳ್ಳಿ ಕಡೆಯಿಂದ ಗಾಡಿಯ ಮೇಲೆ ಹೂ ತರುವವರು ಮೊದಲೆಲ್ಲ “ಕದಿರಮ್ಮ ಇಲ್ವಾ?” ಅನ್ನುತ್ತಿದ್ದರು, ಈಗ “ರಾಧಕ್ಕಾ, ಎಷ್ಟು ಬೇಕು?” ಅನ್ನತೊಡಗಿದ್ದರು. ಉಳಿದ ಗಿರಾಕಿಗಳು ನನ್ನ ಗಿಡ್ಡ ಮೊಳಕ್ಕೇ ಒಗ್ಗಿಕೊಂಡಿದ್ದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ದಾರದ ತುದಿ ನನ್ನ ಕೈಯಲ್ಲಿತ್ತು, ಅದು ನನಗೆ ಹಿತವಾಗಿತ್ತು. ರಬ್ಬರ್ ಸಡಿಲ ಮಾಡುವಾಗ ಅದು ನೆನಪಿತ್ತೋ ಇಲ್ಲವೋ ನನಗೇ ಗೊತ್ತಿಲ್ಲ. ಇರಲಿಲ್ಲ ಎಂದು ಆಣೆ ಮಾಡಲಾರೆ.

ಮೂರು ತಿಂಗಳು ತುಂಬಿದ ದಿನ ನವ್ಯ ಅತ್ತೆಯ ಬೆರಳನ್ನು ಒಂದೊಂದಾಗಿ ಹಿಡಿದು ಒತ್ತಿದಳು. ಮತ್ತೆ ಒತ್ತಿದಳು. ಏಪ್ರಿಲ್‌ನಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು, ಮರದ ಹಾಗೆ.

“ಐದನೇ ಕೊಕ್ಕೆಗೆ ಹಾಕ್ತಿದ್ರಾ ಅಕ್ಕಾ? ಮೂರು ಹೊತ್ತೂ?”

“ಹಾಕ್ತಿದ್ದೆ” ಅಂದೆ.

ಅವಳು ಅತ್ತೆಯ ಮುಖ ನೋಡಿದಳು.

“ಅವ್ಳೇ ಆಕ್ತಿದ್ಲು ಕಣವ್ವ. ಒಂದಿನಾನೂ ತಪ್ಪುಸ್ಲಿಲ್ಲ” ಅಂದರು ಅತ್ತೆ.

ಆ ಹುಡುಗಿಯ ಕಣ್ಣು ತುಂಬಿತು. ಅವಳ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ನಡೆದಿತ್ತು. “ನಾನೇ ಎಲ್ಲೋ ತಪ್ಪಿದೀನಿ ಪಾಟಿ. ಇನ್ನು ಇದ್ರಿಂದ ಆಗಲ್ಲ. ದೊಡ್ಡಾಸ್ಪತ್ರೇಲಿ ಆಪರೇಷನ್ ಮಾಡಿದ್ರೆ ನೋಡ್ಬೋದು, ಅದೂ ಗ್ಯಾರಂಟಿ ಇಲ್ಲ.” ಕುಯ್ಯುವ ಮಾತೇ ಬೇಡ ಅಂದರು ಅತ್ತೆ. ಅವರೇ ಅವಳ ತಲೆ ಸವರಿ ಸಮಾಧಾನ ಮಾಡಿದರು, ಮಡಚಿದ ಕೈಯಿಂದಲೇ. ಬಾಯಿ ಬಿಟ್ಟು ನಿಜ ಹೇಳುವುದಕ್ಕೆ ನನಗೆ ಆಗ ಸಮಯವಿತ್ತು. ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದೆ.

ರೈಲಿನಲ್ಲಿ ಅತ್ತೆ ಆ ಕೈಯನ್ನು ಕಿಟಕಿಯ ಸರಳಿಗೆ ಕೊಕ್ಕೆ ಹಾಕಿದಂತೆ ಸಿಕ್ಕಿಸಿಕೊಂಡು ಕೂತಿದ್ದರು. ಅವರಿಗೆ ಏನೂ ಗೊತ್ತಾಗಿಲ್ಲ ಅಂದುಕೊಂಡೆ. ಹಾಗಂದುಕೊಳ್ಳುವುದು ಸುಲಭವಾಗಿತ್ತು.

ಆಷಾಢದಲ್ಲಿ ಒಂದು ಬೆಳಿಗ್ಗೆ ಗಿರಿ ಬಂದ. ಅವನಪ್ಪ ದೊಡ್ಡವೆಂಕಟಪ್ಪ ಪ್ರತಿ ಶನಿವಾರ ಅತ್ತೆಯ ಹತ್ತಿರವೇ ಹೂ ಕೊಳ್ಳುತ್ತಿದ್ದ ಮುದುಕ.

“ಅಪ್ಪ ಓಗ್ಬುಟ್ಟ ಕದಿರಕ್ಕ,” ಅಂದ. “ಸೇವಂತಿಗೆ ಎಂಟು ಮೊಳ ಬೇಕು. ಬಿರ್ರನೆ ಕೊಡಿ.”

ನಾನು ದಾರಕ್ಕೆ ಕೈ ಹಾಕಿದೆ. ಅತ್ತೆ ನನ್ನ ಕೈ ತಳ್ಳಿದರು. “ಇದಕ್ಕೆ ಎಡಗೈ ಆಯ್ತದೆ” ಅಂದರು. ಗಿರಿ ಜೇಬಿನಿಂದ ದುಡ್ಡು ತೆಗೆದ. ಸಾವಿನ ಹೂವಿಗೆ ಯಾರು ಕೈ ನೋಡುತ್ತಾರೆ?

ಅವರು ಸೆರಗು ಸರಿಮಾಡಿಕೊಂಡು ಎಡಗೈ ಚಾಚಿದರು. ಬಲಗೈಯಲ್ಲಿ ದಾರದ ತುದಿ ನಿಲ್ಲಲಿಲ್ಲ, ಎರಡು ಸಲ ಜಾರಿ ಬುಟ್ಟಿಗೆ ಬಿತ್ತು. ಮೊಣಕೈ ಹತ್ತಿರ ಅದನ್ನು ಯಾರಾದರೂ ಹಿಡಿಯಬೇಕಿತ್ತು. ನಾನು ಬಗ್ಗಿ ಹಿಡಿದೆ.

ಅತ್ತೆ ನನ್ನ ಮುಖ ನೋಡಲಿಲ್ಲ. ಹೂವನ್ನೇ ನೋಡುತ್ತಾ, ಗಿರಿಗೆ ಕೇಳಿಸದಷ್ಟು ಮೆಲ್ಲಗೆ ಅಂದರು:

“ಬಿಗಿಯಾಗಿ ಇಡ್ಕೊ ಅಮ್ಮಿ. ಇದನ್ನಾದ್ರೂ ಸಡಿಲ ಬಿಡ್ಬೇಡ.”