ಬಿಸಿನೀರಲ್ಲಿ ಒಗೆದ ಟವೆಲ್

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಚಾದರ ವಿಂಗಡಿಸಿದ ಹೆಂಗಸಿಗೆ ರಕ್ತದ ಕಲೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಣ್ಣೀರಲ್ಲಿ ನೆನೆಹಾಕಿದರೆ ಬಿಡುತ್ತದೆ. ಬಿಸಿನೀರು ತಾಕಿತೋ, ಕಂದು ಬಣ್ಣಕ್ಕೆ ತಿರುಗಿ ಬಟ್ಟೆ ಹರಿಯುವ ತನಕ ಅಲ್ಲೇ ಬೀಡುಬಿಡುತ್ತದೆ. ಹಾಗಾಗಿ ಮನೆಯ ಬಚ್ಚಲಲ್ಲಿ ಒಣಹಾಕಿದ್ದ ಗಂಡನ ಟವೆಲ್ಲಿನ ಮೇಲೆ ಅಂಗೈಯಗಲದ ಕಂದು ಕಲೆ ಕಂಡಾಗ ಅವಳಿಗೆ ಎರಡು ವಿಷಯ ಒಟ್ಟಿಗೇ ಗೊತ್ತಾದವು. ಇದು ಗಡ್ಡ ಹೆರೆಯುವಾಗ ಆದ ಗಾಯದ್ದಲ್ಲ. ಮತ್ತೆ, ಇದನ್ನು ಗಂಡ ಕದ್ದುಮುಚ್ಚಿ ತಾನೇ ಒಗೆದಿದ್ದಾನೆ. ಬಾಯ್ಲರ್ ನೋಡಿಕೊಳ್ಳುವವನಿಗೆ ಬಿಸಿನೀರು ಬಿಟ್ಟರೆ ಬೇರೆ ದೇವರಿಲ್ಲ.

ಗಂಡ ಅದೇ ಲಾಂಡ್ರಿಯ ನೆಲಮಾಳಿಗೆಯಲ್ಲಿ ಬಾಯ್ಲರ್ ಆಪರೇಟರ್. ಎರಡು ವರ್ಷದ ಹಿಂದೆ ಅಲ್ಲಿ ಎಲ್ಲರೂ ಅವನನ್ನು ಕುಂಭಕರ್ಣ ಅನ್ನುತ್ತಿದ್ದರು. ನಿಂತಲ್ಲೇ ತೂಕಡಿಸುತ್ತಿದ್ದ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಯಾವುದರಲ್ಲೂ ಮನಸ್ಸಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಟೆಸ್ಟೊಸ್ಟೆರಾನ್ ತೀರಾ ಕಡಿಮೆಯಿದೆ ಎಂದು ಇಂಜೆಕ್ಷನ್ ಬರೆದುಕೊಟ್ಟರು. ಮನೆಯಲ್ಲೇ ಚುಚ್ಚಿಕೊಳ್ಳುವುದನ್ನು ನರ್ಸ್ ಕಲಿಸಿದಳು. ಕೆಲವು ತಿಂಗಳಲ್ಲಿ ಕುಂಭಕರ್ಣ ಎದ್ದು ಕೂತ. ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತತೊಡಗಿದ. ಅವಳಿಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು.

ಆಮೇಲೆ ವಕ್ಕರಿಸಿತು ಹೆಮಟೋಕ್ರಿಟ್ ಎಂಬ ಶನಿ. ನಲವತ್ತರಿಂದ ಐವತ್ತರೊಳಗೆ ಇರಬೇಕಾದ ರಕ್ತದ ಕೆಂಪುಕಣಗಳ ಪಾಲು ಇಂಜೆಕ್ಷನ್ನಿನ ದೆಸೆಯಿಂದ ನೂರಕ್ಕೆ ಐವತ್ತಾರು ಮುಟ್ಟಿತ್ತು.

"ರಕ್ತ ಗಟ್ಟಿಯಾಗ್ತಿದೆ. ಹೆಪ್ಪುಗಟ್ಟಿ ಮೆದುಳಿಗೋ ಹೃದಯಕ್ಕೋ ಹೋದ್ರೆ ಕಷ್ಟ" ಎಂದಿದ್ದರು ಡಾಕ್ಟರಮ್ಮ. "ಸದ್ಯ ಇಂಜೆಕ್ಷನ್ ನಿಲ್ಲಿಸಿ. ಬೆವರೋ ಕೆಲಸ ನಿಮ್ದು, ಚೆನ್ನಾಗಿ ನೀರು ಕುಡೀರಿ. ನಿದ್ದೇಲಿ ಉಸಿರು ಕಟ್ಟಿದ್ರೂ ರಕ್ತ ಗಟ್ಟಿಯಾಗುತ್ತೆ. ಇನ್ನೊಮ್ಮೆ ಟೆಸ್ಟ್ ಮಾಡಿ, ನಿಮ್ಮ ಗೊರಕೆನೂ ನೋಡಿ, ಕಮ್ಮಿ ಡೋಸಲ್ಲಿ ಮತ್ತೆ ಶುರು ಮಾಡೋಣ."

ಗಂಡ ಹೂಂ ಹೂಂ ಎಂದು ತಲೆಯಾಡಿಸಿ ಬಂದಿದ್ದ. ಆ ತಲೆಯಾಟವನ್ನು ನಂಬಿ ಸುಮ್ಮನಿದ್ದುಬಿಟ್ಟೆನಲ್ಲ ಎಂದು ಈಗ ಟವೆಲ್ ಹಿಡಿದು ನಿಂತವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ರೀ, ಏನಿದು?"

ಅವನು ಮುಚ್ಚಿಡಲಿಲ್ಲ. ಬದಲಿಗೆ ಮೇಷ್ಟರ ಹಾಗೆ ವಿವರಿಸಿದ. "ಬಾಯ್ಲರಲ್ಲಿ ಉಪ್ಪು, ಕೆಸರು ಕೂಡಿ ನೀರು ದಪ್ಪ ಆದ್ರೆ ನಾನೇನು ಬೆಂಕಿ ಆರಿಸ್ತೀನಾ? ಕೆಳಗಿನ ವಾಲ್ವ್ ತೆಗೆದು ಒಂದಿಷ್ಟು ಹೊರಗೆ ಬಿಡ್ತೀನಿ, ಹೊಸ ನೀರು ತುಂಬುತ್ತೆ. ಇದೂ ಅಷ್ಟೇ. ಸೂಜಿ, ಟ್ಯೂಬು, ಬಾಟ್ಲಿ. ನಂಬರ್ ಇಳಿದ್ರೆ ಇಂಜೆಕ್ಷನ್ ನಿಲ್ಲಿಸೋ ಮಾತೇ ಇರಲ್ಲ."

"ನಿಲ್ಲಿಸೇ ಇಲ್ವಾ ನೀವು? ಎಷ್ಟು ಸಲ ತೆಗೆದ್ರಿ ರಕ್ತ?"

"ನಾಲ್ಕೋ ಐದೋ."

"ನಾಲ್ಕಾ, ಐದಾ?"

"ಆರು."

ಅವಳು ಅವನನ್ನು ಬೆಳಕಿಗೆ ಎಳೆದು ನೋಡಿದಳು. ಇತ್ತೀಚೆಗೆ ಅವನ ತುಟಿ ಬಿಳಿಚಿಕೊಂಡಿತ್ತು. ಫ್ರಿಜ್ಜಿನ ಐಸನ್ನು ಬಟ್ಟಲುಗಟ್ಟಲೆ ಕಟಕಟನೆ ಅಗಿಯುತ್ತಿದ್ದ. ಮೆಟ್ಟಿಲಲ್ಲಿ ಶಿಳ್ಳೆ ನಿಂತು ಮತ್ತೆ ಏದುಸಿರು ಬಂದಿತ್ತು. ಈಗ ಅದನ್ನು ಕೇಳಿದರೆ, "ಇಂಜೆಕ್ಷನ್ ಸಾಲ್ತಿಲ್ಲ ಅನ್ಸುತ್ತೆ, ಸ್ವಲ್ಪ ಜಾಸ್ತಿ ಮಾಡ್ಕೊಂಡಿದೀನಿ" ಎಂದ.

ಅವಳು ಆಗಲೇ ಫೋನ್ ಮಾಡಿ ಗುರುವಾರಕ್ಕೆ ಡಾಕ್ಟರಮ್ಮನ ಸಮಯ ತೆಗೆದುಕೊಂಡಳು. ಅಲ್ಲಿಯ ತನಕ ಸೂಜಿ ಮುಟ್ಟುವುದಿಲ್ಲ ಎಂದು ಅವನು ಮಾತು ಕೊಟ್ಟ. ಗುರುವಾರ ಮತ್ತೆ ರಕ್ತ ಪರೀಕ್ಷೆಯಾಗುತ್ತದೆ, ಅದಕ್ಕೆ ಮುಂಚೆ ನಂಬರ್ ಇನ್ನಷ್ಟು ಇಳಿಸಬೇಕೆಂದು ಅವನ ತಲೆಯಲ್ಲಿ ಹುಳ ಹೊಕ್ಕೀತೆಂದು ಅವಳಿಗೆ ಹೊಳೆಯಲೇ ಇಲ್ಲ.

ಮಂಗಳವಾರ ಮಧ್ಯಾಹ್ನ ಇಸ್ತ್ರಿ ರೋಲರಿನಿಂದ ಚಾದರಗಳು ಒದ್ದೆಯಾಗಿಯೇ ಹೊರಬರತೊಡಗಿದವು. "ಬಾಯ್ಲರಿಂದ ಬರೋ ಸ್ಟೀಮ್ ಬಿದ್ದೋಯ್ತು, ನಿನ್ನ ಗಂಡ ಮಲಗಿದ್ನೇನೋ ನೋಡು" ಎಂದು ರೋಲರಿನವಳು ನಕ್ಕಳು. ಅವಳು ನಗಲಿಲ್ಲ. ಮೆಟ್ಟಿಲಿಳಿದು ಓಡಿದಳು.

ಗಂಡ ವಾಲ್ವಿನ ಪಕ್ಕ ಬೋರಲು ಬಿದ್ದಿದ್ದ. ರಕ್ತ ಇಳಿಸುವ ಸೂಜಿ ತೋಳಲ್ಲಿರುವಾಗಲೇ, ಬಾಯ್ಲರಿನ ನೀರು ಹೊರಬಿಡುವ ಹೊತ್ತಾಯಿತೆಂದು ಎದ್ದು ವಾಲ್ವ್ ತೆಗೆದಿದ್ದಾನೆ. ಮುಚ್ಚುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿದೆ. ಬಾಟಲಿ ತುಂಬಿ, ನೆಲದ ಮೇಲೆ ರಕ್ತ ಹರಡುತ್ತಿತ್ತು. ಅತ್ತ ಬಾಯ್ಲರಿನ ನೀರೂ ಮೋರಿಗೆ ಹರಿಯುತ್ತಿತ್ತು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಖಾಲಿ. ಕೆಳಗೆ ಬೆಂಕಿ ಮಾತ್ರ ಭೋರೆನ್ನುತ್ತಿತ್ತು.

ಗಾಜು ಖಾಲಿಯಾದರೆ ಮೊದಲು ಬೆಂಕಿ ಆರಿಸಬೇಕು, ಕಾದು ಕೆಂಪಾದ ಬಾಯ್ಲರಿನೊಳಗೆ ತಪ್ಪಿಯೂ ತಣ್ಣೀರು ಬಿಡಬಾರದು, ಬಿಟ್ಟರೆ ಕಟ್ಟಡವೇ ಉಳಿಯುವುದಿಲ್ಲ ಎಂದು ಊಟ ಮಾಡುತ್ತ ನೂರು ಸಲ ಹೇಳಿದವನು ಅವನೇ. ಬಾಗಿಲ ಪಕ್ಕದ ಕೆಂಪು ಗುಂಡಿಯನ್ನು ಅವಳು ಅಂಗೈಯಿಂದ ಗುದ್ದಿದಳು. ಬೆಂಕಿ ಉಸಿರುಬಿಟ್ಟು ಆರಿತು. ಆಮೇಲೆ ಮಂಡಿಯೂರಿ, ಸೂಜಿ ಕಿತ್ತು, ಸೆರಗನ್ನು ಉಂಡೆ ಮಾಡಿ ಅವನ ಮೊಣಕೈ ಮಡಿಕೆಗೆ ಒತ್ತಿಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದಳು.

ಮರುದಿನ ವಾರ್ಡಿನಲ್ಲಿ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ರಕ್ತ ತೆಗೀಲೇಬೇಕು ಅಂತಾದ್ರೆ ನಾವೇ ಅಳೆದು, ನೋಡ್ಕೊಂಡು ತೆಗೀತಿದ್ವಿ. ಈಗ ನಿಮ್ಮ ಮೈಯಲ್ಲಿ ಕಬ್ಬಿಣಾಂಶವೇ ಖಾಲಿ. ಸುಸ್ತಾಗ್ತಿದ್ದಿದ್ದು, ಐಸ್ ಅಗಿಯೋ ಚಟ ಹತ್ತಿದ್ದು ಎಲ್ಲಾ ಅದಕ್ಕೆ. ನೀವು ಅದಕ್ಕೆ ಇಂಜೆಕ್ಷನ್ ಏರಿಸಿದ್ರಿ. ಇನ್ನು ಹತ್ತು ನಿಮಿಷ ತಡ ಆಗಿದ್ರೆ ನನ್ನ ಹತ್ರ ಬರ್ತಿರ್ಲಿಲ್ಲ."

"ನಂಬರ್ ಎಷ್ಟಿದೆ ಮೇಡಂ?" ಅವನು ಕೇಳಿದ ಮೊದಲ ಮಾತು ಅದು.

"ಇಪ್ಪತ್ತೆಂಟು."

"ಇಳೀತಲ್ಲ" ಎಂದ. ಅವನ ಮುಖದಲ್ಲಿ ಸಮಾಧಾನ ಕಂಡು ಅವಳಿಗೆ ನೆಲಮಾಳಿಗೆಯಲ್ಲಿ ಆಗದಷ್ಟು ಭಯವಾಯಿತು.

ಡಾಕ್ಟರಮ್ಮ ಹೋದ ಮೇಲೆ ಅವನು ಗೋಡೆ ಕಡೆ ತಿರುಗಿ, "ಇಂಜೆಕ್ಷನ್ ಕಮ್ಮಿ ಮಾಡ್ತಾರೆ ಕಣೇ. ಮತ್ತೆ ಹಳೇ ಕುಂಭಕರ್ಣ ಆಗ್ತೀನಿ" ಎಂದ.

"ಆಗಿ. ಆ ಕುಂಭಕರ್ಣನ ಜೊತೆ ಹನ್ನೆರಡು ವರ್ಷ ಸಂಸಾರ ಮಾಡಿದೀನಿ, ಯಾವತ್ತಾದ್ರೂ ಬೇಡ ಅಂದಿದೀನಾ? ನನಗೆ ಅವನೇ ಸಾಕು. ಉಸಿರಾಡ್ತಾ ಮಲಗಿರ್ಲಿ."

ಅವನು ಹೂಂ ಎಂದು ತಲೆಯಾಡಿಸಿದ. ಆದರೆ ಕಣ್ಣು, ಕೈಗೆ ರಕ್ತ ಏರಿಸುತ್ತಿದ್ದ ಟ್ಯೂಬಿನ ಗುಂಟ ಮೇಲಿನ ಚೀಲದ ತನಕ ಹೋಗಿ, ನಡುವಿನ ಪುಟ್ಟ ವಾಲ್ವಿನ ಹತ್ತಿರ ಬಂದು ನಿಂತಿತು.

ಅವಳು ಕುರ್ಚಿ ಎಳೆದುಕೊಂಡು ಬಂದು, ಆ ಕೈಯ ಪಕ್ಕದಲ್ಲೇ ಕೂತಳು.